ಪ್ಯಾಪ್ ರಿಪೋರ್ಟಿನ ಕೊನೆಯ ಸಾಲು

ಪ್ಯಾಪ್ ಸ್ಮಿಯರ್ ಎಂದರೆ ಗರ್ಭಕೋಶದ ಬಾಯಿಂದ ಜೀವಕೋಶಗಳನ್ನು ಕೆರೆದು ತೆಗೆದು, ಕ್ಯಾನ್ಸರಿನ ಮುನ್ಸೂಚನೆ ಇದೆಯೇ ಎಂದು ನೋಡುವ ಪರೀಕ್ಷೆ. ಅದರ ರಿಪೋರ್ಟ್ ಕೈಗೆ ಬಂದ ಕೂಡಲೇ ಎಲ್ಲರ ಕಣ್ಣು ಹೋಗುವುದು ಕೊನೆಯ ಸಾಲಿಗೆ. ಅಲ್ಲಿ 'ಇಂಪ್ರೆಷನ್' ಎಂದು ದಪ್ಪಕ್ಷರದಲ್ಲಿ ಬರೆದು, ಮುಂದೆ ನಾಲ್ಕೈದು ಇಂಗ್ಲಿಷ್ ಅಕ್ಷರಗಳನ್ನು ಕೂರಿಸಿರುತ್ತಾರೆ. ಆ ಅಕ್ಷರಗಳನ್ನು ಗೂಗಲ್‌ನಲ್ಲಿ ಹಾಕಿ ನೋಡಿದರೆ ಎರಡು ಮೂರು ಸಾಲು ಓದುವಷ್ಟರಲ್ಲೇ ಕ್ಯಾನ್ಸರ್ ಎಂಬ ಪದ ಎದುರಾಗುತ್ತದೆ. ಆಮೇಲೆ ಕೆಲವರು ರಿಪೋರ್ಟನ್ನು ಬೀರುವಿನಲ್ಲಿ ಸೀರೆಗಳ ಅಡಿಗೆ ತಳ್ಳಿ ಸುಮ್ಮನಾಗುತ್ತಾರೆ. ಇನ್ನು ಕೆಲವರು 'ಹೇಗೂ ಮಕ್ಕಳಾಗಿವೆ, ಗರ್ಭಕೋಶ ತೆಗೆಸಿಬಿಡಿ, ಪೀಡೆ ಕಳೆಯುತ್ತೆ' ಎಂಬ ಮಾತಿಗೆ ತಲೆಯಾಡಿಸಿ ಆಪರೇಷನ್‌ಗೆ ಒಪ್ಪಿಬಿಡುತ್ತಾರೆ. ಎರಡರಿಂದಲೂ ಕೆಡುಕೇ. ಪ್ಯಾಪ್ ರಿಪೋರ್ಟಿಗೂ ಆಪರೇಷನ್ನಿಗೂ ನಡುವೆ ಹತ್ತಲೇಬೇಕಾದ ಮೆಟ್ಟಿಲುಗಳಿವೆ.

ಮೊದಲು, ಕೆರೆದು ತೆಗೆಯುವುದು ಎಲ್ಲಿಂದ ಎಂಬುದು. ಗರ್ಭಕೋಶದ ಬಾಯಿ, ಅಂದರೆ ಗರ್ಭಕಂಠ, ಯೋನಿಯ ಒಳತುದಿಯಲ್ಲಿ ಗುಂಡಗೆ ಚಾಚಿಕೊಂಡಿರುತ್ತದೆ. ಬೆರಳಿಗೆ ಮೂಗಿನ ತುದಿಯಷ್ಟು ಗಟ್ಟಿ. ಹೊರಮೈಗೆ ಚರ್ಮದ ಹಾಗೆ ಪದರದ ಮೇಲೆ ಪದರವಾಗಿ ಚಪ್ಪಟೆ ಜೀವಕೋಶಗಳ ಹೊದಿಕೆ. ಒಳಗಿನ ಕಾಲುವೆಗೆ ಲೋಳೆ ಸುರಿಸುವ ಉದ್ದನೆಯ ಜೀವಕೋಶಗಳು, ಅದೂ ಒಂದೇ ಪದರ. ಇವೆರಡೂ ಕೂಡುವ ಗೆರೆ ಒಂದೇ ಕಡೆ ನಿಲ್ಲುವುದಿಲ್ಲ. ಮೈನೆರೆದಾಗ, ಬಸಿರಾದಾಗ ಹೊರಗೆ ಸರಿಯುತ್ತದೆ. ಮುಟ್ಟು ನಿಂತ ಮೇಲೆ ಕಾಲುವೆಯೊಳಕ್ಕೆ ಸೇರಿಕೊಳ್ಳುತ್ತದೆ. ಗೆರೆ ಓಡಾಡಿದ ಈ ಪಟ್ಟಿಯಲ್ಲಿ ಉದ್ದನೆಯ ಜೀವಕೋಶಗಳ ಜಾಗಕ್ಕೆ ಚಪ್ಪಟೆಯವು ಬರುತ್ತಿರುತ್ತವೆ. ಗರ್ಭಕಂಠದ ಕ್ಯಾನ್ಸರ್ ಬಹುತೇಕ ಶುರುವಾಗುವುದು ಇಲ್ಲೇ. ಈ ಪಟ್ಟಿಯನ್ನು ಮುಟ್ಟದ ಸ್ಮಿಯರ್ ಎಷ್ಟು ಚೆನ್ನಾಗಿ ಕಂಡರೂ ಅರೆಬರೆ ಕೆಲಸವೇ.

ಇಲ್ಲೇ ಇನ್ನೊಂದು ಮಾತು. 'ಗರ್ಭಕೋಶದ ಬಾಯಲ್ಲಿ ಹುಣ್ಣಾಗಿದೆ' ಎಂದು ಹೇಳಿಸಿಕೊಳ್ಳದ ಹೆಂಗಸು ನಮ್ಮ ಕಡೆ ಅಪರೂಪ. ಹೆಚ್ಚಿನ ಸಲ ಅದು ಹುಣ್ಣೇ ಅಲ್ಲ. ಒಂದೇ ಪದರದ ಒಳಗಿನ ಹೊದಿಕೆ ಹೊರಗೆ ಸರಿದಿರುತ್ತದೆ. ತೆಳುವಾದ್ದರಿಂದ ಅದರಡಿಯ ರಕ್ತನಾಳ ಕೆಂಪಗೆ ಹೊಳೆಯುತ್ತದೆ, ಅಷ್ಟೇ. ಹರೆಯದ ಹೆಂಗಸರಲ್ಲಿ, ಗರ್ಭನಿರೋಧಕ ಮಾತ್ರೆ ತೆಗೆದುಕೊಳ್ಳುವವರಲ್ಲಿ ಇದು ಸಹಜ. ಇದಕ್ಕೆ ಸುಡುವುದೂ ಬೇಡ, ಕೊಯ್ಯುವುದೂ ಬೇಡ. ಪರೀಕ್ಷೆ ಮಾತ್ರ ಆಗಬೇಕು, ಏಕೆಂದರೆ ಬರಿಗಣ್ಣಿಗೆ ಕೆಂಪಗೆ ಕಾಣುವುದೆಲ್ಲ ನಿರಪಾಯ ಎಂದು ಹೇಳಿಬಿಡಲೂ ಆಗದು.

ಗರ್ಭಕಂಠದ ಕ್ಯಾನ್ಸರಿಗೆ ಕಾರಣ ಎಚ್‌ಪಿವಿ ಎಂಬ ವೈರಸ್. ಇದನ್ನು ಕಂಡುಕೊಂಡದ್ದಕ್ಕೆ ಜರ್ಮನಿಯ ಹರಾಲ್ಡ್ ತ್ಸುರ್ ಹೌಸೆನ್ ಅವರಿಗೆ 2008ರಲ್ಲಿ ನೊಬೆಲ್ ಬಂತು. ದಾಂಪತ್ಯ ಶುರುವಾದ ಮೇಲೆ ಬಹುಪಾಲು ಜನರಿಗೆ ಎಂದಾದರೊಮ್ಮೆ ಈ ಸೋಂಕು ತಗಲುತ್ತದೆ. ನೂರರಲ್ಲಿ ಸುಮಾರು ತೊಂಬತ್ತು ಮಂದಿಯಲ್ಲಿ ಎರಡು ವರ್ಷದೊಳಗೆ ತಾನೇ ಹೋಗುತ್ತದೆ. ಹೋಗದೆ ಉಳಿದವರಲ್ಲಿ, ಅದರಲ್ಲೂ 16 ಮತ್ತು 18ನೇ ನಮೂನೆ ಉಳಿದವರಲ್ಲಿ, ಜೀವಕೋಶಗಳು ನಿಧಾನಕ್ಕೆ ಕೆಡತೊಡಗುತ್ತವೆ. ಜಗತ್ತಿನ ಗರ್ಭಕಂಠದ ಕ್ಯಾನ್ಸರಿನಲ್ಲಿ ನೂರಕ್ಕೆ ಸುಮಾರು 70 ಪಾಲು ಈ ಎರಡರದ್ದೇ. ಕೆಡುವುದಕ್ಕೂ ಕ್ಯಾನ್ಸರ್ ಆಗುವುದಕ್ಕೂ ನಡುವೆ ಸಾಮಾನ್ಯವಾಗಿ ಹತ್ತಿಪ್ಪತ್ತು ವರ್ಷ ಹಿಡಿಯುತ್ತದೆ. ಇಷ್ಟು ಪುರುಸೊತ್ತು ಕೊಡುವ ಕ್ಯಾನ್ಸರ್ ಕಡಿಮೆ. ಹಾಗಿದ್ದೂ 2022ರ ಗ್ಲೋಬೊಕ್ಯಾನ್ ಎಂಬ ಜಾಗತಿಕ ಕ್ಯಾನ್ಸರ್ ಅಂದಾಜಿನಂತೆ ಭಾರತದಲ್ಲಿ ಆ ಒಂದೇ ವರ್ಷ ಸುಮಾರು 1.27 ಲಕ್ಷ ಹೊಸ ರೋಗಿಗಳು, ಸುಮಾರು 80 ಸಾವಿರ ಸಾವು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 30ರಿಂದ 49ರ ಹೆಂಗಸರ ಪೈಕಿ ಒಮ್ಮೆಯಾದರೂ ಗರ್ಭಕಂಠದ ಕ್ಯಾನ್ಸರಿನ ಪರೀಕ್ಷೆ ಮಾಡಿಸಿದವರು ದೇಶದಲ್ಲಿ 1.9%. ನೂರಕ್ಕೆ ಇಬ್ಬರೂ ಇಲ್ಲ.

ಸ್ಮಿಯರ್ ತೆಗೆಯುವುದು ಎರಡು ನಿಮಿಷದ ಕೆಲಸ. ಕೆಡುವುದು ಅದಕ್ಕಿಂತ ಬೇಗ. ಮುಟ್ಟಾದ ಮೊದಲ ದಿನದಿಂದ ಎಣಿಸಿ 10ರಿಂದ 20ನೇ ದಿನದ ಒಳಗೆ ಹೋಗುವುದು ಒಳ್ಳೆಯದು. ಹಿಂದಿನ ಎರಡು ದಿನ ಗಂಡಹೆಂಡಿರ ಸೇರುವಿಕೆ ಬೇಡ, ಒಳಗಿಡುವ ಮಾತ್ರೆ, ಕ್ರೀಮ್ ಬೇಡ, ಒಳಗೆ ನೀರು ಹಾಯಿಸಿ ತೊಳೆಯುವುದೂ ಬೇಡ. 'ಡಾಕ್ಟರ ಮುಂದೆ ಹೇಗೆ' ಎಂದು ಸಂಕೋಚಪಟ್ಟು ತೊಳೆದುಕೊಂಡು ಹೋಗುವವರೇ ಹೆಚ್ಚು. ನೋಡಬೇಕಾದ ಜೀವಕೋಶಗಳು ಆ ನೀರಿನ ಜೊತೆಗೇ ಹೋಗಿರುತ್ತವೆ. ಕಾಪರ್-ಟಿ ಇದ್ದರೆ ಅಡ್ಡಿಯಿಲ್ಲ.

ಯೋನಿಯನ್ನು ಅಗಲಿಸಿ ಹಿಡಿಯುವ ಸ್ಪೆಕ್ಯುಲಮ್‌ಗೆ ಜೆಲ್ಲಿ ಬಳಿಯದೆ ಬೆಚ್ಚನೆಯ ನೀರಲ್ಲಿ ಒದ್ದೆ ಮಾಡಿದರೆ ಸಾಕು. ಜೆಲ್ಲಿ ಸ್ಲೈಡಿಗೆ ಅಂಟಿದರೆ ಜೀವಕೋಶಗಳು ಮುಚ್ಚಿಹೋಗುತ್ತವೆ. ಬಾಯಿ ಪೂರ್ತಿ ಕಂಡ ಮೇಲೆ, ಐಸ್‌ಕ್ಯಾಂಡಿ ಕಡ್ಡಿಯಂಥ ಮರದ ಸ್ಪ್ಯಾಚುಲಾದ ಉದ್ದ ಚಾಚಿದ ತುದಿಯನ್ನು ರಂಧ್ರದಲ್ಲಿ ಊರಿ, ಮೆಲ್ಲಗೆ ಒತ್ತಿ, ಪೂರ್ತಿ ಒಂದು ಸುತ್ತು ತಿರುಗಿಸಬೇಕು. ಕಾಲುವೆಯ ಒಳಗಿನದಕ್ಕೆ ಚಿಕ್ಕ ಬ್ರಶ್; ಅದನ್ನು ಕಾಲು ಸುತ್ತಿನಿಂದ ಅರ್ಧ ಸುತ್ತು ಮಾತ್ರ. ಹೆಚ್ಚು ತಿರುಗಿಸಿದರೆ ರಕ್ತ ಬರುತ್ತದೆ, ರಕ್ತ ಬಂದರೆ ಸ್ಲೈಡ್ ಕೆಟ್ಟಿತು. ಬಸುರಿಯರಲ್ಲಿ ಈ ಬ್ರಶ್ ಬಳಸುವುದಿಲ್ಲ. ಸ್ಲೈಡಿನ ಮೇಲೆ ಹಚ್ಚುವಾಗ ದೋಸೆ ಹಿಟ್ಟು ಹರಡಿದ ಹಾಗೆ ಸುತ್ತಿ ಸುತ್ತಿ ತಿಕ್ಕಬಾರದು. ಒಂದೇ ಎಳೆತ, ತೆಳುವಾಗಿ. ಕೂಡಲೇ, ಕೆಲವೇ ಸೆಕೆಂಡಿನಲ್ಲಿ, 95% ಆಲ್ಕೋಹಾಲ್ ತುಂಬಿದ ಜಾರ್‌ಗೆ ಮುಳುಗಿಸಿ ಕನಿಷ್ಠ ಹದಿನೈದು ನಿಮಿಷ ಬಿಡಬೇಕು. ಜಾರ್‌ನ ಮುಚ್ಚಳ ಮೊದಲೇ ತೆಗೆದಿಟ್ಟಿಲ್ಲವೆಂದು ತಡಕಾಡುವ ಅರ್ಧ ನಿಮಿಷದಲ್ಲೇ ಸ್ಲೈಡ್ ಅಂಚಿನಿಂದ ಒಣಗುತ್ತಾ ಬರುತ್ತದೆ. ಒಣಗಿದ ಜೀವಕೋಶದ ಬೀಜಕೇಂದ್ರ (ನ್ಯೂಕ್ಲಿಯಸ್) ಉಬ್ಬಿ ಮಸುಕಾಗುತ್ತದೆ. ಉಬ್ಬಿದ ಬೀಜಕೇಂದ್ರ ಎಂದರೆ ಕಾಯಿಲೆಯ ಗುರುತೂ ಹೌದು. ಏನೂ ಇಲ್ಲದವರ ರಿಪೋರ್ಟಿನಲ್ಲಿ 'ಅನುಮಾನ' ಸೇರಿಕೊಳ್ಳುವ ಒಂದು ದಾರಿ ಇದು.

ಹೆಸರು ಬರೆಯುವುದು ಸ್ಲೈಡಿನ ಒರಟು ತುದಿಯ ಮೇಲೆ, ಪೆನ್ಸಿಲ್‌ನಲ್ಲಿ. ಪೆನ್ನಿನ ಶಾಯಿ ಆಲ್ಕೋಹಾಲಿನಲ್ಲಿ ಕರಗಿ ಹೋಗುತ್ತದೆ. ಹಳ್ಳಿಯ ಕ್ಯಾಂಪಿನಲ್ಲಿ ಐವತ್ತು ಸ್ಲೈಡಿದ್ದರೆ ನಾಲ್ವರು ಲಕ್ಷ್ಮಮ್ಮ, ಮೂವರು ಗೌರಮ್ಮ ಇದ್ದೇ ಇರುತ್ತಾರೆ. ನೋಂದಣಿ ಸಂಖ್ಯೆ ಮತ್ತು ವಯಸ್ಸು ಇಲ್ಲದ ಹೆಸರು ಹೆಸರಲ್ಲ. ಕಡೆಯ ಮುಟ್ಟಿನ ದಿನಾಂಕವೂ ಫಾರಂನಲ್ಲಿ ಇರಲಿ. ಮುಟ್ಟು ನಿಂತವರಲ್ಲಿ ಜೀವಕೋಶಗಳು ಸೊರಗಿ ಚಿಕ್ಕದಾಗಿರುತ್ತವೆ, ನೋಡಲು ಕೆಟ್ಟ ಜೀವಕೋಶದಂತೆಯೇ. ನೋಡುವವರಿಗೆ ವಯಸ್ಸು ಗೊತ್ತಿರದಿದ್ದರೆ ತಪ್ಪುವುದು ಸುಲಭ. ಇಂಥವರಿಗೆ ಎರಡು ಮೂರು ವಾರ ಈಸ್ಟ್ರೋಜನ್ ಕ್ರೀಮ್ ಕೊಟ್ಟು ಮತ್ತೆ ಸ್ಮಿಯರ್ ತೆಗೆದರೆ ಚಿತ್ರ ತಿಳಿಯಾಗುವುದುಂಟು.

ಇನ್ನು ಮೈಕ್ರೋಸ್ಕೋಪಿನ ಕೆಳಗೆ. ಬಣ್ಣ ಹಾಕಿದ ಸ್ಲೈಡಿನಲ್ಲಿ ಒಳ್ಳೆಯ ಜೀವಕೋಶಗಳು ಗುಲಾಬಿ ಅಥವಾ ನೀಲಿ ಮಿಶ್ರಿತ ಹಸಿರು, ಹಪ್ಪಳದ ಹಾಗೆ ಅಗಲ; ನಡುವೆ ಸಾಸಿವೆಯಂಥ ಸಣ್ಣ ಬೀಜಕೇಂದ್ರ. ವೈರಸ್ ಹೊಕ್ಕ ಜೀವಕೋಶದಲ್ಲಿ ಬೀಜಕೇಂದ್ರ ಒಣದ್ರಾಕ್ಷಿಯಂತೆ ಸುಕ್ಕುಗಟ್ಟಿ, ಸುತ್ತ ಬರಿದಾದ ಒಂದು ಬಳೆ, ಅದರಾಚೆ ದಪ್ಪ ಅಂಚು ಕಾಣುತ್ತದೆ. ಬೀಜಕೇಂದ್ರ ಮಾಮೂಲಿಗಿಂತ ಎರಡೂವರೆಯಿಂದ ಮೂರು ಪಟ್ಟು ಹಿಗ್ಗಿದ್ದರೆ ಅನುಮಾನದ ಗುಂಪು. ಮೂರು ಪಟ್ಟು ಮೀರಿದರೆ ಕೆಳದರ್ಜೆಯ ಬದಲಾವಣೆ. ಮೇಲ್ದರ್ಜೆಯದರಲ್ಲಿ ಜೀವಕೋಶವೇ ಚಿಕ್ಕದಾಗಿ, ಒಳಗೆಲ್ಲ ಬೀಜಕೇಂದ್ರವೇ ತುಂಬಿಕೊಂಡು, ಅದರ ಅಂಚು ಅಂಕುಡೊಂಕಾಗಿರುತ್ತದೆ. ದೊಡ್ಡದಕ್ಕಿಂತ ಚಿಕ್ಕ ಜೀವಕೋಶವೇ ಇಲ್ಲಿ ಹೆಚ್ಚು ಅಪಾಯದ್ದು, ಕಣ್ಣು ತಪ್ಪಿಸಿಕೊಳ್ಳುವುದೂ ಅದೇ. ಅಂದ ಹಾಗೆ, ಬಿ12 ಅಥವಾ ಫೋಲಿಕ್ ಆಮ್ಲದ ಕೊರತೆಯಲ್ಲೂ ಜೀವಕೋಶಗಳು ಹೀಗೆ ಹಿಗ್ಗಿ ದಾರಿ ತಪ್ಪಿಸುತ್ತವೆ.

ರಿಪೋರ್ಟ್ ಓದುವಾಗ ಮೊದಲ ಸಾಲಿನಿಂದ ಓದಿ. ಅಲ್ಲಿ ಸ್ಯಾಂಪಲ್ ಸಾಕಷ್ಟಿತ್ತೇ ಇಲ್ಲವೇ ಎಂದು ಬರೆದಿರುತ್ತದೆ. ಪ್ಯಾಪ್ ರಿಪೋರ್ಟ್ ಬರೆಯುವ ಬೆಥೆಸ್ಡಾ ಪದ್ಧತಿಯಂತೆ ಮಾಮೂಲಿ ಸ್ಮಿಯರ್‌ನಲ್ಲಿ ಕನಿಷ್ಠ 8,000ದಿಂದ 12,000, ದ್ರವದಲ್ಲಿ ಕಳಿಸುವ ಸ್ಯಾಂಪಲ್‌ನಲ್ಲಿ 5,000 ಚಪ್ಪಟೆ ಜೀವಕೋಶಗಳು ಇರಬೇಕು. 'ಅನ್‌ಸ್ಯಾಟಿಸ್ಫ್ಯಾಕ್ಟರಿ' ಎಂದಿದ್ದರೆ ಆ ಪರೀಕ್ಷೆ ಆಗಲೇ ಇಲ್ಲ ಎಂದುಕೊಂಡು ಎರಡರಿಂದ ನಾಲ್ಕು ತಿಂಗಳಲ್ಲಿ ಮತ್ತೆ ಮಾಡಿಸಬೇಕು. ಅದನ್ನು 'ನಾರ್ಮಲ್' ಎಂದು ಓದಿಕೊಳ್ಳುವವರಿದ್ದಾರೆ.

'ಎನ್‌ಐಎಲ್‌ಎಂ' ಎಂದರೆ ಕ್ಯಾನ್ಸರಿನದಾಗಲಿ ಅದರ ಮುನ್ಸೂಚನೆಯದಾಗಲಿ ಗುರುತು ಇಲ್ಲ. ಇದರ ಜೊತೆಗೆ 'ಇನ್‌ಫ್ಲಮೇಟರಿ' ಎಂದು ಸೇರಿಸಿರುವುದು ನಮ್ಮಲ್ಲಿ ಸರ್ವೇಸಾಮಾನ್ಯ. ಕೆರೆತ, ವಾಸನೆ, ಮಾಮೂಲಿಗಿಂತ ಹೆಚ್ಚು ಬಿಳಿ ಹೋಗುವುದು ಏನೂ ಇಲ್ಲದಿದ್ದರೆ ಬರೀ ಆ ಪದಕ್ಕೆ ಆಂಟಿಬಯಾಟಿಕ್ ಕೋರ್ಸ್ ಮೇಲೆ ಕೋರ್ಸ್ ನುಂಗಬೇಕಿಲ್ಲ. ಟ್ರೈಕೊಮೊನಾಸ್ ಎಂಬ ರೋಗಾಣುವಿನ ಹೆಸರು ಹಿಡಿದು ಬರೆದಿದ್ದರೆ ಮಾತು ಬೇರೆ. ಆಗ ಗಂಡನಿಗೂ ಚಿಕಿತ್ಸೆ ಆಗಬೇಕು, ಇಲ್ಲದಿದ್ದರೆ ಸೋಂಕು ಮರಳಿ ಬರುತ್ತದೆ.

'ಆಸ್ಕಸ್' ಎಂಬುದು ಹೆಚ್ಚು ಹೆದರಿಸುವ, ಹೆಚ್ಚಿನ ಸಲ ಏನೂ ಇಲ್ಲದ ಪದ. ನೋಡಿದವರಿಗೆ ನಾರ್ಮಲ್ ಎನ್ನಲು ಧೈರ್ಯವಿಲ್ಲ, ಕಾಯಿಲೆ ಎನ್ನಲು ಆಧಾರವಿಲ್ಲ ಎಂದರ್ಥ. ಇದಕ್ಕೆ ಒಳ್ಳೆಯ ಉತ್ತರ ಎಚ್‌ಪಿವಿ ಪರೀಕ್ಷೆ. ನೆಗೆಟಿವ್ ಬಂದರೆ ಮೂರು ವರ್ಷ ಬಿಟ್ಟು ಬಂದರಾಯಿತು. ಪಾಸಿಟಿವ್ ಬಂದರೆ ಕಾಲ್ಪೊಸ್ಕೋಪಿ, ಅಂದರೆ ಗರ್ಭಕಂಠವನ್ನು ದೊಡ್ಡದು ಮಾಡಿ ನೋಡುವ ಪರೀಕ್ಷೆ. ಎಚ್‌ಪಿವಿ ಪರೀಕ್ಷೆ ಸಿಗದ ಊರಲ್ಲಿ ಆರರಿಂದ ಹನ್ನೆರಡು ತಿಂಗಳಲ್ಲಿ ಪ್ಯಾಪ್ ಮತ್ತೊಮ್ಮೆ. 'ಎಲ್‌ಸಿಲ್' ಎಂದರೆ ಕೆಳದರ್ಜೆಯ ಬದಲಾವಣೆ, ಮುಕ್ಕಾಲು ಪಾಲು ವೈರಸ್ ಆಡುತ್ತಿರುವ ಆಟ, ಬಹುಪಾಲು ತಾನೇ ಹಿಂದೆ ಸರಿಯುತ್ತದೆ. ಆದರೂ ಕಾಲ್ಪೊಸ್ಕೋಪಿಯಲ್ಲಿ ಒಮ್ಮೆ ನೋಡಬೇಕು. ಇಪ್ಪತ್ತೈದರೊಳಗಿನವರಿಗೆ ಅದೂ ಅವಸರವಿಲ್ಲ, ವರ್ಷದ ಮೇಲೆ ಸ್ಮಿಯರ್ ಮಾಡಿದರಾಯಿತು. 'ಎಚ್‌ಸಿಲ್' (ಮೇಲ್ದರ್ಜೆಯ ಬದಲಾವಣೆ) ಮತ್ತು 'ಆಸ್ಕ್-ಎಚ್' (ಮೇಲ್ದರ್ಜೆಯದಿರಬಹುದೆಂಬ ಅನುಮಾನ) ಬಂದರೆ ಮಾತ್ರ ಕಾಲ್ಪೊಸ್ಕೋಪಿಯನ್ನು ಮದುವೆ, ಹಬ್ಬ, ಮಕ್ಕಳ ಪರೀಕ್ಷೆ ಎಂದು ಮುಂದಕ್ಕೆ ಹಾಕಬೇಡಿ. 'ಎಜಿಸಿ' ಅಪರೂಪ, ಆದರೆ ಮೋಸದ್ದು: ಒಳಗಿನ ಉದ್ದನೆಯ ಜೀವಕೋಶಗಳಲ್ಲಿ ಬದಲಾವಣೆ. ಅದು ಕಾಲುವೆಯಿಂದಲೂ ಬಂದಿರಬಹುದು, ಗರ್ಭಕೋಶದ ಒಳಪದರದಿಂದಲೂ ಬಂದಿರಬಹುದು. ಹಾಗಾಗಿ 35 ದಾಟಿದವರಿಗೆ ಕಾಲ್ಪೊಸ್ಕೋಪಿಯ ಜೊತೆಗೆ ಒಳಪದರದ ಬಯಾಪ್ಸಿಯೂ (ಚೂರು ತೆಗೆದು ಲ್ಯಾಬಿನಲ್ಲಿ ನೋಡುವುದು) ಆಗಬೇಕು. ಇದನ್ನೂ ಆಸ್ಕಸ್ ಲೆಕ್ಕಕ್ಕೆ ಹಾಕಿ 'ಆರು ತಿಂಗಳು ಬಿಟ್ಟು ಬನ್ನಿ' ಎಂದರೆ ಒಪ್ಪಬೇಡಿ.

ಗಂಡಹೆಂಡಿರು ಸೇರಿದ ಮೇಲೆ ರಕ್ತ ಕಾಣುವುದು, ಮುಟ್ಟು ನಿಂತ ಮೇಲೆ ರಕ್ತ, ನಾರುವ ನೀರಿನಂಥ ಸ್ರಾವ ಇದ್ದವರು ಪ್ಯಾಪ್ ನಾರ್ಮಲ್ ಎಂಬ ಕಾಗದ ನಂಬಿ ಕೂರಬಾರದು. ಕಣ್ಣಿಗೆ ಕಾಣುವ ಗಡ್ಡೆಯ ಮೇಲೆ ಸ್ಮಿಯರ್ ತೆಗೆದರೆ ಬರೀ ರಕ್ತ, ಕೀವು, ಸತ್ತ ಜೀವಕೋಶ ಬಂದು ರಿಪೋರ್ಟ್ ಏನೂ ಹೇಳದಿರಬಹುದು. ಅಲ್ಲಿ ಬೇಕಾದ್ದು ನೇರ ಬಯಾಪ್ಸಿ. ಪ್ಯಾಪ್ ಇರುವುದು ಯಾವ ತೊಂದರೆಯೂ ಇಲ್ಲದವರಿಗಾಗಿ.

ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ನಡೆಯುವುದು ಪ್ಯಾಪ್ ಅಲ್ಲ, ವಿಐಎ, ಅಂದರೆ ವಿನೆಗರಿನಲ್ಲಿರುವ ಅಸಿಟಿಕ್ ಆಮ್ಲ ಹಚ್ಚಿ ಬರಿಗಣ್ಣಿನಲ್ಲಿ ನೋಡುವುದು. ಕೇಂದ್ರ ಸರ್ಕಾರದ 2016ರ ಮಾರ್ಗಸೂಚಿಯಂತೆ 30ರಿಂದ 65ರ ಹೆಂಗಸರಿಗೆ ಐದು ವರ್ಷಕ್ಕೊಮ್ಮೆ. ಐದು ಮಿಲಿ ಗ್ಲೇಶಿಯಲ್ ಅಸಿಟಿಕ್ ಆಮ್ಲಕ್ಕೆ 95 ಮಿಲಿ ಡಿಸ್ಟಿಲ್ಡ್ ವಾಟರ್ ಬೆರೆಸಿ, ಹತ್ತಿಯಲ್ಲಿ ಅದ್ದಿ ಗರ್ಭಕಂಠಕ್ಕೆ ಹಚ್ಚಿ, ಗಡಿಯಾರ ನೋಡಿ ಒಂದು ನಿಮಿಷ ಕಾಯುವುದು. ಬೀಜಕೇಂದ್ರ ದಟ್ಟವಾಗಿರುವ ಜಾಗ ಸುಣ್ಣ ಬಳಿದಂತೆ ಬೆಳ್ಳಗಾಗುತ್ತದೆ. ಕೂಡುಗೆರೆಗೆ ಅಂಟಿಕೊಂಡು, ಅಂಚು ಸ್ಪಷ್ಟವಾಗಿ, ಗಟ್ಟಿ ಬಿಳುಪು ಇದ್ದರೆ ಪಾಸಿಟಿವ್. ಗೆರೆಯಿಂದ ದೂರದ ಮಸುಕು ಬಿಳುಪು, ಸಬ್ಬಕ್ಕಿಯಂಥ ಲೋಳೆಗುಳ್ಳೆ, ಚುಕ್ಕಿ ಚುಕ್ಕಿ ಬಿಳುಪು ಲೆಕ್ಕಕ್ಕಿಲ್ಲ. ನಿನ್ನೆಯ ದ್ರಾವಣ, ಮಂಕು ಟಾರ್ಚು, ಇಪ್ಪತ್ತು ಸೆಕೆಂಡಿಗೇ ನೋಡಿ ಮುಗಿಸುವುದು, ಇವೇ ಇಲ್ಲಿನ ತಪ್ಪುಗಳು. ಆಮ್ಲ ನೀರು ಬೆರೆಸದೆ ಹಚ್ಚಿದರೆ ಸುಟ್ಟೇ ಹೋಗುತ್ತದೆ. ಮುಟ್ಟು ನಿಂತವರಲ್ಲಿ ಗೆರೆ ಒಳಗೆ ಸರಿದಿರುವುದರಿಂದ ವಿಐಎ ನೆಗೆಟಿವ್ ಎಂಬುದಕ್ಕೆ ಬೆಲೆ ಕಡಿಮೆ. ಮಾರ್ಗಸೂಚಿ 65ರವರೆಗೆ ಎಂದಿದ್ದರೂ ಅವರಿಗೆ ಎಚ್‌ಪಿವಿ ಪರೀಕ್ಷೆಯೇ ಸರಿ. ಹಾಗೆಂದು ವಿನೆಗರ್ ಪರೀಕ್ಷೆ ಎಂದು ಹಗುರ ಮಾಡುವಂತಿಲ್ಲ. ಮುಂಬೈಯ ಕೊಳೆಗೇರಿಗಳಲ್ಲಿ ಟಾಟಾ ಮೆಮೋರಿಯಲ್‌ನವರು ಸ್ಥಳೀಯ ಆರೋಗ್ಯ ಕಾರ್ಯಕರ್ತೆಯರಿಗೆ ತರಬೇತಿ ಕೊಟ್ಟು ಇದನ್ನೇ ಮಾಡಿಸಿದಾಗ, ಹನ್ನೆರಡು ವರ್ಷದಲ್ಲಿ ಗರ್ಭಕಂಠದ ಕ್ಯಾನ್ಸರಿನ ಸಾವು 31% ಇಳಿಯಿತು.

ಎಚ್‌ಪಿವಿ ಪರೀಕ್ಷೆ ಇವೆರಡಕ್ಕಿಂತ ಚುರುಕು. ಮಹಾರಾಷ್ಟ್ರದ ಉಸ್ಮಾನಾಬಾದ್ (ಈಗ ಧಾರಾಶಿವ್) ಜಿಲ್ಲೆಯ 1.3 ಲಕ್ಷ ಹೆಂಗಸರ ಅಧ್ಯಯನ (2009) ಜೀವಮಾನದಲ್ಲಿ ಒಂದೇ ಒಂದು ಸಲ ಈ ಪರೀಕ್ಷೆ ಮಾಡಿದರೂ ಸಾವು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ ಎಂದು ತೋರಿಸಿತು. ವಿಶ್ವ ಆರೋಗ್ಯ ಸಂಸ್ಥೆ 2021ರಿಂದ ಇದನ್ನೇ ಮೊದಲ ಪರೀಕ್ಷೆಯಾಗಿ ಹೇಳುತ್ತಿದೆ: 30ರಿಂದ ಶುರು, 5ರಿಂದ 10 ವರ್ಷಕ್ಕೊಮ್ಮೆ, ಎಚ್‌ಐವಿ ಇರುವವರಿಗೆ 25ರಿಂದ, 3ರಿಂದ 5 ವರ್ಷಕ್ಕೊಮ್ಮೆ. ಸ್ವ್ಯಾಬನ್ನು ಹೆಂಗಸೇ ಬಾಗಿಲು ಹಾಕಿಕೊಂಡು ತೆಗೆದುಕೊಡಬಹುದು. ನಾಚಿಕೆಯ ಕಾರಣಕ್ಕೇ ಬಾರದವರಿಗೆ ಇದಕ್ಕಿಂತ ಒಳ್ಳೆಯ ದಾರಿಯಿಲ್ಲ. 16, 18 ಪಾಸಿಟಿವ್ ಎಂದರೆ ಪ್ಯಾಪ್ ಚೆನ್ನಾಗಿದ್ದರೂ ನೇರ ಕಾಲ್ಪೊಸ್ಕೋಪಿಗೆ ಹೋಗಬೇಕು. ಇದು ಗಂಡನ ಮೇಲೆ ಇವತ್ತು ಅನುಮಾನ ಪಡಲು ಆಧಾರವಲ್ಲ. ಸೋಂಕು ಯಾವಾಗ ಬಂತೆಂದು ಈ ಪರೀಕ್ಷೆ ಹೇಳುವುದಿಲ್ಲ, ವರ್ಷಗಳ ಹಿಂದಿನದೂ ಇರಬಹುದು. ಎಚ್‌ಪಿವಿ ಲಸಿಕೆ ಹಾಕಿಸಿಕೊಂಡವರಿಗೂ ಪರೀಕ್ಷೆ ತಪ್ಪಿದ್ದಲ್ಲ.

ಕಾಲ್ಪೊಸ್ಕೋಪಿ ಎಂದರೆ ಗರ್ಭಕಂಠವನ್ನು ದೊಡ್ಡದು ಮಾಡಿ ನೋಡುವ ದೂರ್ಬೀನು. ಅದು ಒಳಗೆ ಹೋಗುವುದಿಲ್ಲ, ಹೊರಗೇ ನಿಲ್ಲುತ್ತದೆ. ಹತ್ತು ಹದಿನೈದು ನಿಮಿಷ. ಮೊದಲು ಸಲೈನ್‌ನಲ್ಲಿ ಒರೆಸಿ, ಹಸಿರು ಬೆಳಕಿನಲ್ಲಿ ರಕ್ತನಾಳ ನೋಡಿ, ಆಮೇಲೆ ಅಸಿಟಿಕ್ ಆಮ್ಲ, ಕೊನೆಗೆ ಲುಗಾಲ್ಸ್ ಅಯೋಡಿನ್. ಆರೋಗ್ಯವಾದ ಭಾಗ ಕಡುಕಂದು ಬಣ್ಣಕ್ಕೆ ತಿರುಗುತ್ತದೆ, ಕೆಟ್ಟ ಭಾಗ ಸಾಸಿವೆ ಹಳದಿಯಾಗಿ ಉಳಿಯುತ್ತದೆ. ಸ್ವೀಡ್ ಸ್ಕೋರ್ ಎಂದು ಐದು ಅಂಶಗಳಿಗೆ ಸೊನ್ನೆಯಿಂದ ಎರಡರವರೆಗೆ ಅಂಕ ಕೊಡುತ್ತಾರೆ. ಹತ್ತಕ್ಕೆ ಎಂಟು ಅಥವಾ ಅದಕ್ಕಿಂತ ಹೆಚ್ಚು ಬಂದರೆ ಮೇಲ್ದರ್ಜೆಯ ಬದಲಾವಣೆ ಬಹುತೇಕ ಖಚಿತ. ಅನುಮಾನ ಬಂದಲ್ಲಿಂದ ಎರಡು ಮೂರು ಮಿಲಿಮೀಟರಿನ ಚೂರು ಚಿವುಟುತ್ತಾರೆ. ಒಂದೇ ಚೂರಿಗಿಂತ ಎರಡು ಮೂರು ಕಡೆಯಿಂದ ತೆಗೆದರೆ ತಪ್ಪುವುದು ಕಡಿಮೆ. ಸಿಐಎನ್ 1, 2, 3 (ಕ್ಯಾನ್ಸರಿನ ಮುನ್ಸೂಚನೆಯ ಮೂರು ದರ್ಜೆಗಳು, 3 ಎಲ್ಲಕ್ಕಿಂತ ಮೇಲಿನದು) ಎಂಬ ಉತ್ತರ ಬರುವುದು ಈ ಚೂರಿನಿಂದಲೇ ಹೊರತು ಪ್ಯಾಪ್‌ನಿಂದಲ್ಲ. ಸಿಐಎನ್ 1 ಬಹುಪಾಲು ತಾನೇ ಹೋಗುತ್ತದೆ, ವರ್ಷಕ್ಕೊಮ್ಮೆ ನೋಡಿಕೊಂಡರಾಯಿತು. ಸಿಐಎನ್ 3 ಚಿಕಿತ್ಸೆಯಿಲ್ಲದೆ ಉಳಿದರೆ ಮೂವತ್ತು ವರ್ಷದಲ್ಲಿ ಸುಮಾರು ಮೂರರಲ್ಲಿ ಒಬ್ಬರಿಗೆ ಕ್ಯಾನ್ಸರ್ ಆಗುತ್ತದೆ; ನ್ಯೂಜಿಲೆಂಡಿನ ಆಸ್ಪತ್ರೆಯೊಂದರಲ್ಲಿ ಹೆಂಗಸರಿಗೆ ಸರಿಯಾಗಿ ತಿಳಿಸದೆಯೇ ಚಿಕಿತ್ಸೆ ತಡೆಹಿಡಿದ ಹಳೆಯ ಪ್ರಕರಣದಿಂದ ಗೊತ್ತಾದ ಲೆಕ್ಕ ಇದು. ಅದರ ಬಗ್ಗೆ 1988ರಲ್ಲಿ ಸರ್ಕಾರಿ ವಿಚಾರಣೆಯ ವರದಿ ಬಂತು.

ಚಿಕಿತ್ಸೆಯಲ್ಲಿ ಎರಡು ಬಗೆ. ಕೆಟ್ಟ ಭಾಗ ಪೂರ್ತಿ ಕಣ್ಣಿಗೆ ಕಾಣುವಂತಿದ್ದು, ಕಾಲುವೆಯೊಳಗೆ ನುಗ್ಗದೆ, ಮುಕ್ಕಾಲು ಭಾಗಕ್ಕಿಂತ ಕಡಿಮೆ ಆವರಿಸಿದ್ದರೆ, ಕ್ಯಾನ್ಸರಿನ ಅನುಮಾನವೂ ಇಲ್ಲದಿದ್ದರೆ, ಥರ್ಮಲ್ ಅಬ್ಲೇಷನ್: 100 ಡಿಗ್ರಿಗೆ ಕಾದ ತುದಿಯನ್ನು ಅರ್ಧ ನಿಮಿಷದಷ್ಟು ಒತ್ತಿ ಹಿಡಿಯುವುದು. ಅರಿವಳಿಕೆ ಸಾಮಾನ್ಯವಾಗಿ ಬೇಕಿಲ್ಲ, ಮುಟ್ಟಿನ ನೋವಿನಷ್ಟು ಸೆಳೆತ. ಇದರ ಕೊರತೆಯೆಂದರೆ ಸುಟ್ಟದ್ದನ್ನು ಲ್ಯಾಬಿಗೆ ಕಳಿಸಲಾಗದು. ಉಳಿದವರಿಗೆ ಲೀಪ್: ಸ್ಥಳೀಯ ಅರಿವಳಿಕೆ ಕೊಟ್ಟು, ವಿದ್ಯುತ್ ಹರಿಯುವ ತಂತಿಯ ಉಂಗುರದಿಂದ ಕೆಟ್ಟ ಭಾಗವನ್ನು ಬೋಗುಣಿಯಾಕಾರದಲ್ಲಿ ಹೆರೆದು ತೆಗೆಯುವುದು. ಚೂರು ಲ್ಯಾಬಿಗೆ ಹೋಗಿ, ಅಂಚುಗಳು ತಿಳಿಯಾಗಿವೆಯೇ ಎಂಬ ಉತ್ತರ ಬರುತ್ತದೆ. ಅದೇ ದಿನ ಮನೆಗೆ. ಮೂರು ನಾಲ್ಕು ವಾರ ನೀರು ನೀರಾದ ಸ್ರಾವ ಇರುತ್ತದೆ. ಒಂದು ತಿಂಗಳು ಸೇರುವಿಕೆ ಬೇಡ, ಭಾರ ಎತ್ತುವುದು ಬೇಡ. ಪ್ಯಾಡ್ ಮೇಲೆ ಪ್ಯಾಡ್ ತೋಯುವಷ್ಟು ರಕ್ತ, ಜ್ವರ, ದುರ್ವಾಸನೆ ಬಂದರೆ ಕಾಯದೆ ಹೋಗಬೇಕು. ಮಕ್ಕಳಾಗಬೇಕಾದವರು ಅದನ್ನು ಮೊದಲೇ ಹೇಳಿ: ಒಂದು ಸೆಂಟಿಮೀಟರಿಗಿಂತ ಆಳವಾಗಿ ತೆಗೆದರೆ ದಿನ ತುಂಬುವ ಮುಂಚೆ ಹೆರಿಗೆಯಾಗುವ ಸಾಧ್ಯತೆ ಸ್ವಲ್ಪ ಏರುತ್ತದೆ.

ಈಗ ಗರ್ಭಕೋಶ ತೆಗೆಸುವ ವಿಷಯ. ಕಲಬುರಗಿ, ಹಾವೇರಿ ಕಡೆ ಬೇಡದ ಗರ್ಭಕೋಶ ಆಪರೇಷನ್‌ಗಳ ಬಗ್ಗೆ ದೂರು, ತನಿಖೆ ನಡೆದದ್ದು, ತಾಂಡಾಗಳ ಹೆಂಗಸರು ಬೀದಿಗಿಳಿದದ್ದು ಎಲ್ಲರೂ ಪತ್ರಿಕೆಗಳಲ್ಲಿ ಓದಿದ್ದೇ. ಹೊಟ್ಟೆನೋವು, ಬಿಳಿ ಹೋಗುವುದು ಎಂದು ಬಂದವರನ್ನು ಆಪರೇಷನ್‌ಗೆ ಒಪ್ಪಿಸಲು 'ಕ್ಯಾನ್ಸರ್ ಆಗುತ್ತೆ' ಎಂಬ ಒಂದು ಮಾತು ಸಾಕಾಗುತ್ತದೆ. ಬೇಡದ ಆಪರೇಷನ್, ಜೊತೆಗೆ ಅಂಡಾಶಯವನ್ನೂ ತೆಗೆದರೆ ಮೂವತ್ತೈದಕ್ಕೇ ಮುಟ್ಟು ನಿಂತವರ ಮೈ, ಸವೆಯುವ ಮೂಳೆ. ಇದು ಅನ್ಯಾಯದ ಒಂದು ಮುಖ. ಇನ್ನೊಂದು ಮುಖದ ಬಗ್ಗೆ ಅಷ್ಟು ಮಾತಾಡುವುದಿಲ್ಲ: ನಿಜವಾಗಿ ಒಳಗೆ ಕ್ಯಾನ್ಸರ್ ಇದ್ದವರಿಗೂ ಬಯಾಪ್ಸಿಯಿಲ್ಲದೆ ಮಾಡಿದ ಮಾಮೂಲಿ ಆಪರೇಷನ್ ಕೆಡುಕೇ. ಆ ರೋಗಕ್ಕೆ ಹೆಚ್ಚಿನ ಸಲ ಅಕ್ಕಪಕ್ಕದ ಅಂಗಾಂಶ, ದುಗ್ಧಗ್ರಂಥಿ ಸಮೇತ ತೆಗೆಯುವ ಬೇರೆಯದೇ ಆಪರೇಷನ್ ಬೇಕು, ಇಲ್ಲವೇ ನೇರ ರೇಡಿಯೇಷನ್. ಮಾಮೂಲಿಯಾಗಿ ಕೊಯ್ದು, ಆಮೇಲೆ ಲ್ಯಾಬ್ ರಿಪೋರ್ಟಿನಲ್ಲಿ ಕ್ಯಾನ್ಸರ್ ಎಂದು ಬಂದರೆ, ಎರಡನೇ ಆಪರೇಷನ್ನೋ ರೇಡಿಯೇಷನ್ನೋ ಎಂದು ದೊಡ್ಡಾಸ್ಪತ್ರೆಯ ಬಾಗಿಲಲ್ಲಿ ನಿಲ್ಲಬೇಕಾಗುತ್ತದೆ, ಫಲಿತಾಂಶವೂ ಮೊದಲಿನಷ್ಟು ಚೆನ್ನಾಗಿರುವುದಿಲ್ಲ. ಆದ್ದರಿಂದ ಯಾರೇ ಗರ್ಭಕೋಶ ತೆಗೆಯಬೇಕು ಎಂದರೂ 'ಬಯಾಪ್ಸಿ ರಿಪೋರ್ಟ್ ಎಲ್ಲಿ' ಎಂದು ಕೇಳಿ. ಉತ್ತರ ಬರದಿದ್ದರೆ ಜಿಲ್ಲಾಸ್ಪತ್ರೆಯಲ್ಲೋ ಮೆಡಿಕಲ್ ಕಾಲೇಜಿನಲ್ಲೋ ಬೆಂಗಳೂರಿನ ಕಿದ್ವಾಯಿಯಲ್ಲೋ ಇನ್ನೊಬ್ಬರ ಅಭಿಪ್ರಾಯ ಕೇಳಲು ಎರಡು ವಾರ ತಡವಾದರೆ ಏನೂ ಕೆಡುವುದಿಲ್ಲ.

ಹಾಗೆ ಹೋಗುವಾಗ ಬರೀ ಕಾಗದ ಒಯ್ಯಬೇಡಿ. ಬಯಾಪ್ಸಿ ಆದ ಲ್ಯಾಬಿನಿಂದ ಸ್ಲೈಡನ್ನೂ, ಮೇಣದಲ್ಲಿ ಹಾಕಿಟ್ಟ ಚೂರಿನ ಬ್ಲಾಕನ್ನೂ ಕೇಳಿ ಪಡೆಯಿರಿ. ಸಹಿ ಹಾಕಿಸಿಕೊಂಡು ಕೊಡುತ್ತಾರೆ. ಬ್ಲಾಕನ್ನು ಬಿಸಿಲಿಗೆ ನಿಲ್ಲಿಸಿದ ಕಾರಿನಲ್ಲಿ ಬಿಡಬೇಡಿ, ಮೇಣ ಕರಗುತ್ತದೆ. ಲೀಪ್ ಅಥವಾ ಅಬ್ಲೇಷನ್ ಆದವರು ವರ್ಷದೊಳಗೆ ಎಚ್‌ಪಿವಿ ಪರೀಕ್ಷೆಗೆ ಹೋಗಿ. ಸಿಐಎನ್ 2 ಅಥವಾ 3 ಇದ್ದು ಗರ್ಭಕೋಶ ತೆಗೆಸಿಕೊಂಡವರಿಗೂ ಬಿಡುವಿಲ್ಲ: ಹೊಲಿದ ಯೋನಿಯ ತುದಿಯಿಂದ ಸ್ಯಾಂಪಲ್ ತೆಗೆದು ನೋಡುವುದು ಇಪ್ಪತ್ತೈದು ವರ್ಷ ಮುಂದುವರಿಯಬೇಕು, ಮೊದಲು ವರ್ಷಕ್ಕೊಮ್ಮೆ, ಆಮೇಲೆ ಮೂರು ವರ್ಷಕ್ಕೊಮ್ಮೆ.